ಸಾವಕ್ಕ ಸ್ವಿಚ್ ಆರಿಸುವುದನ್ನು ಬಿಟ್ಟಳು

ಬನಹಟ್ಟಿಯ ಸಾವಕ್ಕನಿಗೆ ನಲವತ್ತು ವರ್ಷದ ಒಂದು ಅಭ್ಯಾಸ. ಕರೆಂಟಿನ ಮಗ್ಗದಲ್ಲಿ ತಪ್ಪು ಬಣ್ಣದ ನೂಲು ಕಂಡರೆ ಸಾಕು, ಹಿಂದೆಮುಂದೆ ನೋಡದೆ ಸ್ವಿಚ್ ಆರಿಸಿಬಿಡುತ್ತಾಳೆ. ಮಗ್ಗದ ಮಟ್ಟಿಗೆ ಅದು ಒಳ್ಳೆಯ ಅಭ್ಯಾಸವೇ. ಆದರೆ 2011ರಲ್ಲಿ ಆಕೆಯ ನೇಕಾರ ಮಹಿಳಾ ಸಂಘಕ್ಕೆ ಕಂಪ್ಯೂಟರ್ ಬಂತಲ್ಲ, ಫಜೀತಿ ಶುರುವಾಗಿದ್ದು ಆಗಲೇ.

ಬಾಗಲಕೋಟೆಯ ಸೀರೆ ಮೇಳದಲ್ಲಿ ಸಂಘಕ್ಕೊಂದು ಮಳಿಗೆ ಬೇಕಿತ್ತು. ಹಿಂದಿನ ವರ್ಷ ಯಾವುದೋ ಟೈಪಿಂಗ್ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ, ಓದಲು ಬಾರದೆ ಸುಮ್ಮನೆ ಸಹಿ ಹಾಕಿದ್ದರು. ಬರೆದವನು ಇವರನ್ನು ಹೊಲಿಗೆ ಸಂಘದವರನ್ನಾಗಿ ಮಾಡಿಬಿಟ್ಟಿದ್ದ! ಮಳಿಗೆ ಸಿಗಲಿಲ್ಲ.

"ಈ ಸಲ ಅರ್ಜಿ ಕನ್ನಡದಾಗ ಇರಬೇಕು. ನಾ ಓದಿ ಹೂಂ ಅಂದಮ್ಯಾಲೇ ಹೋಗಬೇಕು," ಎಂದು ಅಧ್ಯಕ್ಷೆ ಸಾವಕ್ಕ ಪಟ್ಟು ಹಿಡಿದಳು.

ಕೊನೆಯ ದಿನ ಬಂದೇಬಿಟ್ಟಿತು. ಸಂಜೆ ಐದರೊಳಗೆ ಅರ್ಜಿ ಈಮೇಲಿನಲ್ಲಿ ಹೋಗಬೇಕು. ಸೊಸೆ ಶೇವಂತಿ ಕನ್ನಡದಲ್ಲಿ ಚೆಂದ ಮಾಡಿ ಬರೆದಳು. ಕೊನೆಗೆ ಸಂಘದ ಈಮೇಲ್ ವಿಳಾಸ ಹಾಕಲು ಹೋದರೆ, ಒತ್ತಿದ್ದು ಇಂಗ್ಲಿಷ್ ಗುಂಡಿ, ಮೂಡಿದ್ದು ಕನ್ನಡ ಅಕ್ಷರ!

"ತಪ್ಪ ನೂಲ ಬಂತ ಬೇ!" ಎಂದವಳೇ ಸಾವಕ್ಕ ಗೋಡೆಯ ಸ್ವಿಚ್ ಆರಿಸಿದಳು. ಬರೆದದ್ದೆಲ್ಲ ಮಂಗಮಾಯ.

"ಅತ್ತಿ, ಏನ ಮಾಡಿದ್ರಿ! ಇನ್ನೂ ಉಳಿಸಿದ್ದಿಲ್ಲರೀ," ಎಂದ ಶೇವಂತಿಗೆ ಅಳುವುದೊಂದು ಬಾಕಿ.

ಮತ್ತೆ ಬರೆದಳು. ವಿಳಾಸದ ಹತ್ತಿರ ಮತ್ತೆ ಅದೇ ಕಥೆ. ಗಡಿಬಿಡಿಯಲ್ಲಿ ಈ ಸಲವೂ ಉಳಿಸಿರಲಿಲ್ಲ; ಅತ್ತೆಯ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಯಿತು, ಮತ್ತೆ ಎಲ್ಲ ಮಾಯ. ಗಡಿಯಾರ ನಾಲ್ಕು ದಾಟಿತ್ತು.

ಸಾವಕ್ಕನಿಗೂ ಒಳಗೊಳಗೇ ದಿಗಿಲು. ಬಾಯಲ್ಲಿ ಮಾತ್ರ, "ಈ ಪೆಟಗಿಗೆ ಕನ್ನಡ ಒಗ್ಗೂದಿಲ್ಲ ತಗಿ. ಮತ್ತ ಅಂಗಡಿಗೇ ಹೋಗೂಣು, ನಡಿ," ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ವಂದನಾ ಬಂದಳು. ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿಸುವವಳು. ಸಂಘದ ಕಂಪ್ಯೂಟರಿಗೆ ಕನ್ನಡ ಸೇರಿಸಿಕೊಟ್ಟವಳೂ ಅವಳೇ. ನಡೆದದ್ದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ದೊಡ್ಡವ್ವ, ಸೀರಿ ಒಡಲಿಗೊಂದು ಬಣ್ಣ, ಸೆರಗಿಗೊಂದು ಬಣ್ಣ. ಸೆರಗ ಬಂದಾಗ ಮಗ್ಗಾನ ಬದಲ್ ಮಾಡ್ತೀರೇನು?"

"ಹುಚ್ಚೀ, ಮಗ್ಗ ಯಾಕ? ನೂಲಿನ ಲಾಳಿ ಬದಲ್ ಮಾಡ್ತೇವಿ."

"ಇಲ್ಲೂ ಅಷ್ಟರೀ. ಪರದೆ ಕೆಳಗ, ಬಲಗಡಿ ಮೂಲ್ಯಾಗ ನೋಡ್ರಿ. ಇಂಗ್ಲಿಷಿನ್ಯಾಗ 'ಕೆಎನ್' ಅಂತ ಐತಲ್ಲ? ಅಂದ್ರ ಈಗ ಕನ್ನಡದ ಲಾಳಿ ಐತಿ. ಎಡಗಡಿ ಆಲ್ಟ್ ಗುಂಡಿ ಹಿಡಕೊಂಡು ಶಿಫ್ಟ್ ಗುಂಡಿ ಒತ್ತರಿ. ಈಗ ಎರಡೂ ಬಿಡ್ರಿ."

ಸಾವಕ್ಕ ಅಂಜುತ್ತಲೇ ಒತ್ತಿದಳು. 'ಕೆಎನ್' ಹೋಗಿ 'ಇಎನ್' ಬಂತು.

"ಇದು ಇಂಗ್ಲಿಷ್ ಲಾಳಿ. ಮತ್ತ ಒತ್ತಿದ್ರ ಕನ್ನಡ. ಗುಂಡಿ ಮರೆತ್ರೂ ಚಿಂತಿಲ್ಲ, ಆ ಅಕ್ಷರದ ಮ್ಯಾಲ ಮೌಸ್ ಒತ್ತಿ ಬೇಕಾದ ಭಾಷಾ ತಗೋರಿ. ನಡನಡುವ ಕಂಟ್ರೋಲ್ ಹಿಡಿದು ಎಸ್ ಒತ್ತಿ, ಬರದದ್ದು ಉಳಿಸ್ಕೋತ ಹೋಗ್ರಿ."

ಶೇವಂತಿ ಮೂರನೆಯ ಸಲ ಬರೆಯಲು ಕೂತಳು. ಸಾವಕ್ಕ ಪಕ್ಕದಲ್ಲೇ ಕೂತಳು, ಕೈಗಳನ್ನು ಸೆರಗಿನಲ್ಲಿ ಗಟ್ಟಿಯಾಗಿ ಸುತ್ತಿಕೊಂಡು. ಎಲ್ಲಿ ಮತ್ತೆ ಸ್ವಿಚ್ಚಿಗೆ ಹೋದಾವೋ ಎಂಬ ಭಯ! ವಿಳಾಸದ ಸಾಲು ಬಂದಾಗ ಮಾತ್ರ, "ಲಾಳಿ!" ಎಂದು ತಾನೇ ಕೂಗಿದಳು. ಶೇವಂತಿ ಗುಂಡಿ ಒತ್ತಿದಳು. ಇಂಗ್ಲಿಷ್ ಅಕ್ಷರಗಳು ಸಾಲಾಗಿ ಮೂಡಿದವು.

ಕಳಿಸುವ ಮೊದಲು ಸಾವಕ್ಕ ಕನ್ನಡಕ ಏರಿಸಿ ಅರ್ಜಿಯನ್ನು ಗಟ್ಟಿಯಾಗಿ ಓದಿದಳು. "ನಾವು ಹದಿನಾಲ್ಕು ಜನ ಹೆಣ್ಣುಮಕ್ಕಳು. ನಾವು ಸೀರೆ ನೇಯುವವರು." ಆ ಸಾಲನ್ನು ಇನ್ನೊಮ್ಮೆ ಓದಿದಳು. ಕಣ್ಣು ತುಂಬಿ ಬಂತು.

"ಹೂಂ, ಖರೆ ಬರದೈತಿ. ಕಳಿಸ," ಎಂದಳು. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಎಂಟು ದಿನಕ್ಕೆ ಉತ್ತರ ಬಂತು. ಮಳಿಗೆ ಸಿಕ್ಕಿತ್ತು! ಆವತ್ತೇ ಸಾವಕ್ಕ ಗೋಡೆಯ ಸ್ವಿಚ್ಚಿನ ಮೇಲೆ ಚೀಟಿಯೊಂದನ್ನು ಅಂಟಿಸಿದಳು: "ಮೊದಲು ಮೂಲಿ ನೋಡು."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಂಪ್ಯೂಟರಿನಲ್ಲಿ ಬೇಡದ ಅಕ್ಷರ ಮೂಡಿದರೆ ಹೆದರಬೇಡಿ, ಸ್ವಿಚ್ ಆರಿಸಬೇಡಿ. ಮೂಲೆ ನೋಡಿ, ಭಾಷೆ ಬದಲಿಸಿ. ನಿಮ್ಮ ಕಂಪ್ಯೂಟರಿಗೆ ಇನ್ನೂ ಕನ್ನಡ ಸೇರಿಸಿಲ್ಲವೇ? ತಿಳಿದವರನ್ನು ಕರೆದು ಇಂದೇ ಸೇರಿಸಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಹೋಗುವ ಅರ್ಜಿಯನ್ನು ಮೊದಲು ಓದಬೇಕಾದವರು ನೀವೇ.