ಗದ್ದುಗೆಯೊಳಗೆ ಕೂತವರು

ಹರಿಹರದ ಹೊಳೆದಂಡೆಯ ಅಜ್ಜನ ಗದ್ದುಗೆಯ ಹತ್ತಿರ ಹೆಣ್ಣು ಸುಳಿಯಬಾರದು. ತನ್ನ ಹತ್ತಿರ ಹೆಣ್ಣು ಬರಬಾರದೆಂದು ಬದುಕಿದ್ದಾಗ ಅಜ್ಜನೇ ಹಾಕಿದ ಕಟ್ಟಳೆ ಅದು; ಅಂಥ ವಿರಾಗಿ. ಪೂಜೆ ಮಾಡುವ ಕೊಟ್ರಯ್ಯನ ಹೆಂಡತಿ ಉಡಚಮ್ಮ ಕೂಡ ಮದುವೆಯಾಗಿ ಬಂದಾಗಿನಿಂದ ಹೊಸ್ತಿಲಾಚೆಯೇ ನಿಂತು ಕೈಮುಗಿದವಳು. ಈ ಸಲ ಹೊಳೆ ಉಕ್ಕಿ ಗದ್ದುಗೆ ಕುಸಿದು, ಅಜ್ಜನನ್ನು ಕೂರಿಸಿ ಮುಚ್ಚಿದ್ದ ಒಳಗಿನ ಕುಣಿ ಬಾಯಿ ತೆರೆಯಿತು. ಎಲುಬು ಪರೀಕ್ಷೆಗೆ ಸರ್ಕಾರದವರು ದಾವಣಗೆರೆಯಿಂದ ಕಳಿಸಿದ್ದು ರಶ್ಮಿಯೆಂಬ ಹೆಣ್ಣುಮಗಳನ್ನು. ಓದಿದಾಕಿ, ಬಿಡಯ್ಯಾ ಅಂದರು ಊರ ಹಿರಿಯರು. ಕೊಟ್ರಯ್ಯ ಬಾಯಿ ಮುಚ್ಚಿಕೊಂಡ, ಕಣ್ಣು ಮುಚ್ಚಲಿಲ್ಲ.

ಅವಳು ಬ್ರಶ್ಶಿನಿಂದ ಮಣ್ಣು ಸರಿಸುವಾಗ ಅವಳ ಕೈಯನ್ನೇ ಕಾಯುತ್ತಿದ್ದ. ಕೂರಿಸಿದ ದೇಹ, ಎಡಗೈ ಮೂಳೆಗಳ ನಡುವೆ ಲಿಂಗ, ಸುತ್ತ ಗಟ್ಟಿಯಾದ ವಿಭೂತಿ. ಎಲ್ಲ ಸರಿಯಾಗಿತ್ತು. ಸೊಂಟದ ಹತ್ತಿರ ಬಂದಾಗ ಅವಳು ಬ್ರಶ್ಶು ಕೆಳಗಿಟ್ಟು ಬಗ್ಗಿ ನೋಡಿದಳು.

"ಏನ್ ಸಿಕ್ತಮ್ಮ?"

"ಅಯ್ನೋರೆ, ಇದು ಹೆಣ್ಣುಮಗಳ ಸೊಂಟ ಅನಿಸ್ತೈತೆ."

ಕೊಟ್ರಯ್ಯ ನಕ್ಕ. "ಒಳಗೆ ಬಂದಿದ್ದಕ್ಕೆ ನಿಂಗೊಂದು ನೆಪ ಬೇಕಿತ್ತು. ಚಲೋ ಹುಡುಕಿದಿ ಬಿಡು."

"ಸುಳ್ಳು ಹೇಳಿ ನಂಗೇನ್ ಬರಬೇಕ್ರಿ? ಮೂಳೆ ನೂರಕ್ಕೆ ನೂರು ಹೇಳಲ್ಲ. ಆದ್ರೂ ಸೊಂಟದ ಎಲುಬಿನ ಈ ಕಚ್ಚು ನೋಡ್ರಿ, ಎಷ್ಟು ಅಗಲ ಐತೆ. ಗಂಡಸ್ರಿಗೆ ಇಕ್ಕಟ್ಟಿರ್ತೈತೆ. ನಂಬಿಕೆ ಇಲ್ದಿದ್ರೆ ಬ್ಯಾರೆಯೋರ್ನ ಕರ್ಸಿ ತೋರಿಸ್ರಿ, ಬ್ಯಾಡ ಅನ್ನಲ್ಲ."

ಆ ಮಾತೇ ಅವನನ್ನು ಚುಚ್ಚಿತು. ಸುಳ್ಳು ಹೇಳುವವರು ಇನ್ನೊಬ್ಬರನ್ನು ಕರೆಸು ಅನ್ನುವುದಿಲ್ಲ. ಅವನ ಸಂಶಯ ಅವಳನ್ನು ಬಿಟ್ಟು ಕುಣಿಯೊಳಕ್ಕೆ ಇಳಿಯಿತು. ಕುಣಿಗಿಳಿಸುವ ಮುನ್ನ ದೇಹಕ್ಕೆ ಸ್ನಾನ ಮಾಡಿಸುತ್ತಾರೆ. ಮಾಡಿಸಿದವನು ತನ್ನ ಮನೆತನದ ಹಿರಿಯನೇ. ಅವನಿಗೆ ತಿಳಿಯದೆ ಇದ್ದೀತೆ? ತಿಳಿದೂ ಹೊಟ್ಟೆಯಲ್ಲಿಟ್ಟುಕೊಂಡು ಹೋದ. ಹಾಗಾದರೆ ಆ ಕಟ್ಟಳೆ? ಗಂಡಸರ ಕಣ್ಣಿಗೆ ಬರೀ ಕಾವಿ ಕಾಣುತ್ತದೆ. ಹೆಂಗಸರು ಹತ್ತಿರ ಬಂದಿದ್ದರೆ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಿದ್ದರು.

"ಶಿವನೇ" ಎಂದು ಕೊಟ್ರಯ್ಯ ಕುಣಿಯ ಅಂಚಿನಲ್ಲಿ ಕೂತ. ಇಷ್ಟು ದಿನ ತಾನು ಕಾದದ್ದು ಯಾರನ್ನು, ಯಾರಿಂದ? ಊರಿಗೆ ಹೇಳಿದರೆ ಗದ್ದುಗೆ ಉಳಿದೀತೇ? ಹೇಳದಿದ್ದರೆ ತಾನು ಏರಿಸುವ ಪತ್ರಿ ಯಾರಿಗೆ ಸಂದೀತು?

ಹೊಸ್ತಿಲಾಚೆ ಉಡಚಮ್ಮ ನಿಂತಿದ್ದಳು.

"ಒಳಗೆ ಬಾ" ಅಂದ. "ಇವತ್ತು ಪತ್ರಿ ನೀನೇ ಏರ್ಸು."

ಅವಳು ಕದಲಲಿಲ್ಲ. ರಶ್ಮಿಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಇಷ್ಟು ವರ್ಷ ಇಲ್ದಿದ್ದು ಇವತ್ಯಾಕ್ರಿ? ಏನ್ ಮುಚ್ಚಿಡಾಕೆ ಹೊಂಟೀರಿ? ಮೊದ್ಲು ಅದನ್ನ ಹೇಳ್ರಿ."

ಕೊಟ್ರಯ್ಯ ಎದ್ದು ಬಂದು ಹೊಸ್ತಿಲ ಮೇಲೆ ಕೂತ. ಹೇಳಲು ಶುರುಮಾಡಿದ.