ವಾಸಿಯಾದ ಕೈ

‘ಮೂರು ಶುಕ್ರವಾರಗಳಿಂದ ನಾನು ಆಮೆನ್ ಅಂದಿಲ್ಲ. ತುಟಿ ಮಾತ್ರ ಆಡಿಸುತ್ತಿದ್ದೇನೆ. ಯಾರಿಗೂ ಗೊತ್ತಾಗಿಲ್ಲ ಅನ್ನುವುದು ಸಮಾಧಾನ. ಗೊತ್ತಾಗಬೇಕಾದವನಿಗೆ ಗೊತ್ತಾಗಿಯೇ ಇರುತ್ತದೆ ಅನ್ನುವುದು ಸಂಕಟ.’

ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ಕೂಗು ಬಂತು. ಅವಳು ಡೈರಿ ಮುಚ್ಚಿ ಅಪ್ಪನ ಅಳತೆ ಪುಸ್ತಕದ ಕೆಳಗೆ ತಳ್ಳಿದಳು.

“ಕುರ್ಚಿ ಹಾಕಿದ್ಯೇನೇ? ಐದೂವರೆಗೆಲ್ಲಾ ಬಂದ್ಬಿಡ್ತಾರೆ. ನಿಂತ್ಕೊಂಡು ಪ್ರಾರ್ಥನೆ ಮಾಡಕ್ಕೆ ಇದೇನು ಬಸ್ ಸ್ಟ್ಯಾಂಡಾ?”

“ಹಾಕ್ತಿದ್ದೀನಿ ಅತ್ತೆ.”

“ಹಾಕ್ತಿದ್ದೀನಿ, ಹಾಕ್ತಿದ್ದೀನಿ! ನೀನು ಹಾಕಿ ಮುಗಿಸೋ ಹೊತ್ತಿಗೆ ಕರ್ತನ ಎರಡನೇ ಬರೋಣನೇ ಆಗಿ ಲೋಕ ಮುಗಿದಿರುತ್ತೆ.”

ಮನೆಯ ಮುಂದಿನ ಕೋಣೆಯೇ ಅಪ್ಪನ ಟೈಲರಿಂಗ್ ಅಂಗಡಿ. ಶುಕ್ರವಾರ ಸಂಜೆ ಎರಡು ಹೊಲಿಗೆ ಯಂತ್ರಗಳಿಗೂ ಬಟ್ಟೆ ಮುಚ್ಚಿ, ಕತ್ತರಿಸುವ ಉದ್ದ ಮೇಜನ್ನು ಗೋಡೆಗೆ ಸರಿಸಿದರೆ ಎಂಟು ಕುರ್ಚಿ ಹಿಡಿಯುತ್ತದೆ. ಗಿರಾಕಿಗಳು ಕೋಟು ತೊಟ್ಟು ನೋಡಿಕೊಳ್ಳುವ ಆಳೆತ್ತರದ ಕನ್ನಡಿಯನ್ನು ಮಾತ್ರ ಸರಿಸಲು ಬರುವುದಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕೂತಾಗ ಆ ಕನ್ನಡಿಯೊಂದೇ ಕಣ್ಣು ಬಿಟ್ಟುಕೊಂಡಿರುತ್ತದೆ. ರೆಪ್ಪೆಯ ಸಂದಿಯಿಂದ ಅವಳು ಅದರಲ್ಲಿ ಎಲ್ಲರನ್ನೂ ನೋಡುವುದುಂಟು. ಇದನ್ನೂ ಒಮ್ಮೆ ಡೈರಿಯಲ್ಲಿ ಪಾಪಗಳ ಸಾಲಿಗೆ ಸೇರಿಸಿದ್ದಳು.

ಈ ಪ್ರಾರ್ಥನೆಯ ಕೂಟದಲ್ಲಿ ಇರುವುದು ಎರಡೇ ಕಟ್ಟುಪಾಡು. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಆಮೆನ್ ಬರುವ ತನಕ ಕಣ್ಣು ತೆರೆಯಬಾರದು. ಕೂಟಕ್ಕೆ ಬರುವ, ಬೀದಿಯ ತುದಿಯ ಬೇಕರಿಯವರು ಒಮ್ಮೆ ಇಪ್ಪತ್ತೆರಡು ನಿಮಿಷ ಪ್ರಾರ್ಥಿಸಿದಾಗ ಅಡುಗೆಮನೆಯಲ್ಲಿ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಹತ್ತಿತು. ವಾಸನೆ ಮೂಗಿಗೆ ಬಡಿದರೂ ಅತ್ತೆ ಅಲುಗಲಿಲ್ಲ. ಆಮೆನ್ ಬಿದ್ದದ್ದೇ ತಡ, ಎದ್ದು ಓಡಿದರು.

ಅತ್ತೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ವರ್ಷ ಹದಿನೈದು ದಿನಕ್ಕೆಂದು ಬಂದವರು ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾರೆ. ಅವರ ಪ್ರಾರ್ಥನೆ ದೇವರ ವಿಳಾಸ ಬರೆದ, ಆದರೆ ಮನೆಯವರೇ ಒಡೆದು ಓದಿಕೊಳ್ಳಬೇಕಾದ ಕಾಗದ. “ಕರ್ತನೇ, ಈ ಮನೇಲಿ ಒಬ್ಬಳು ಒದ್ದೆ ಟವಲನ್ನ ಮಂಚದ ಮೇಲೆ ಹಾಕ್ತಾಳೆ ಅಂತ ನಿನಗೆ ಗೊತ್ತೇ ಇದೆ. ಡಿಗ್ರಿ ಕೊಟ್ಟ ಹಾಗೆ ಅವಳಿಗೆ ಬುದ್ಧೀನೂ ಕೊಡಪ್ಪ.” ಗೊತ್ತೇ ಇರುವವನಿಗೆ ವರದಿ ಒಪ್ಪಿಸುವುದು ಯಾಕೆ ಎಂದು ಅವಳಿಗೆ ರೇಗುತ್ತಿತ್ತು. ಆದರೂ ಆಮೆನ್ ಅನ್ನುತ್ತಿದ್ದಳು, ಟವಲ್ ಹಾಕಿದ್ದು ನಿಜವಾಗಿತ್ತಲ್ಲ.

ಅವಳದ್ದು ಇನ್ನೊಂದು ಥರ. ಅವಳು ಬಾಯಿಗೆ ಬಂದದ್ದನ್ನು ಆಡುವವಳಲ್ಲ. ಗುರುವಾರವೇ ಬರೆದು, ಒಂದೇ ಪದ ಎರಡು ಕಡೆ ಬಂದರೆ ಹೊಡೆದು ಹಾಕಿ, ಚೀಟಿಯನ್ನು ಹಾಡಿನ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಾಳೆ. ‘ಕರುಣಾಸಾಗರನೇ, ನಿನ್ನ ಪಾದಸನ್ನಿಧಿಯಲ್ಲಿ ನಮ್ಮ ಒಡೆದ ಅಂತರಂಗದ ಪಾತ್ರೆಗಳನ್ನು…’ ನಿವೃತ್ತಿಯಾದ ಟೀಚರಮ್ಮ ಪ್ರತಿ ಸಲ “ಏನು ಭಾಷೆ ಕಣಮ್ಮ ನಿಂದು!” ಅನ್ನುತ್ತಾರೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಷ್ಟು ಖುಷಿಯಾಗಿ, ರಾತ್ರಿಯ ಹೊತ್ತಿಗೆ ಆ ಖುಷಿಯೇ ನಾಚಿಕೆಯಾಗಿ ಕೂರುತ್ತದೆ. ಒಡೆದ ಪಾತ್ರೆ ಯಾವುದು, ಅದರಲ್ಲಿ ಏನಿತ್ತು ಎಂದು ದೇವರು ತಿರುಗಿ ಕೇಳಿದರೆ ಅವಳು ಮತ್ತೆ ಚೀಟಿಯನ್ನೇ ನೋಡಬೇಕು.

ನಾಲ್ಕು ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು, ಮಾತು ತುಸು ನಿಧಾನವಾಗಿ ಹಿಂತಿರುಗಿತು, ಬಲಗೈ ಮಾತ್ರ ಬರಲಿಲ್ಲ. ಎದೆಯವರೆಗೆ ಏಳುತ್ತದೆ, ಬೆರಳು ಮಡಚುವುದಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ಒಂದು ಹಸಿರು ರಬ್ಬರ್ ಚೆಂಡು ಕೊಟ್ಟಿದ್ದಳು. “ದಿನಾ ಇನ್ನೂರು ಸಲ ಅದುಮಬೇಕು. ವಾರಕ್ಕೆರಡು ಸಲ ಇಲ್ಲಿಗೆ ಬರಬೇಕು. ಮೊದಲ ಆರು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟೇ ಲಾಭ, ಆಮೇಲೆ ಬಲು ಕಷ್ಟ” ಎಂದು ಬೆರಳು ಮಡಚಿ ಹೇಳಿದ್ದಳು. ಅತ್ತೆ ಮೊದಲ ತಿಂಗಳು ತಮ್ಮನಿಗೆ ತುತ್ತು ಮಾಡಿ ತಿನ್ನಿಸಿದರು. ಬುಧವಾರ ಬುಧವಾರ ಉಪವಾಸವಿದ್ದರು. ಸಂಜೆ ಅವನ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ, “ಇದು ಬಂತಾ? ಇದು?” ಎಂದು ಕೇಳುತ್ತಿದ್ದರು. ಅದನ್ನು ಅವಳು ಮರೆತಿಲ್ಲ. ಮರೆಯಲು ಆಗಿದ್ದರೆ ಇಷ್ಟು ಕಷ್ಟವಿರಲಿಲ್ಲ.

ಲಕ್ವ ಹೊಡೆಯುವ ಮುಂಚೆಯೇ ಅಪ್ಪ ಚರ್ಚಿನ ಸಭೆಯ ಹಾಡುಗಾರರಿಗೆ ಹನ್ನೆರಡು ನಿಲುವಂಗಿ ಹೊಲಿದುಕೊಡಲು ಒಪ್ಪಿಕೊಂಡಿದ್ದರು. ಬಟ್ಟೆ ವಾಪಸು ಕೊಡೋಣ ಅಂದರೆ ಕೇಳಲಿಲ್ಲ. ಕೊನೆಗೆ, ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಮನೆಯಲ್ಲೇ ಕೂತಿದ್ದ ಅವಳ ಕೈಗೆ ಕತ್ತರಿ ಬಂತು. ಅತ್ತೆ ಬೆಳಗಿನ ಪ್ರಾರ್ಥನೆಗೆ ಹೋಗಿ ಬರುವ ಆರರಿಂದ ಏಳರ ಒಳಗೆ ಅಪ್ಪ ಸ್ಟೂಲಿನ ಮೇಲೆ ಕೂತು ಹೇಳುವುದು, ಅವಳು ಕತ್ತರಿಸುವುದು. ಮಗಳ ಕೈಲಿ ಕತ್ತರಿ ಕೊಟ್ಟ ಎಂದು ಅಕ್ಕ ಹಂಗಿಸುತ್ತಾಳೆ ಅನ್ನುವ ಭಯ ಅಪ್ಪನಿಗೆ.

“ಬಟ್ಟೆ ಎತ್ತಬೇಡ ಕಣೇ! ಕೆಳಗಿನ ಅಲಗು ಮೇಜು ಬಿಟ್ಟು ಏಳಕೂಡದು.”

“ಎತ್ತಿಲ್ಲ ಅಪ್ಪ.”

“ಎತ್ತಿದೆ. ನಂಗೆ ಸದ್ದಲ್ಲೇ ಗೊತ್ತಾಗುತ್ತೆ. ನೀನು ಪೇಪರ್ ಕತ್ತರಿಸ್ತಿಲ್ಲ.”

ಅಪ್ಪನ ಕತ್ತರಿ ಇಟ್ಟಿಗೆಯಷ್ಟು ಭಾರ. ಎರಡನೇ ದಿನವೇ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತು. ಸೀಮೆಸುಣ್ಣದ ಗೆರೆ ಬಿಟ್ಟು ಅಲಗು ಜಾರಿದಾಗೆಲ್ಲ ಅವಳು ಹಲ್ಲು ಕಚ್ಚಿ, “ಅಯ್ಯೋ ದೇವರೇ, ನನ್ನ ಕೈಲಾಗಲ್ಲ, ಸ್ವಲ್ಪ ಹಿಡ್ಕೋ!” ಅನ್ನುತ್ತಿದ್ದಳು. ಅದನ್ನು ಅವಳು ಯಾವತ್ತೂ ಪ್ರಾರ್ಥನೆ ಎಂದು ಎಣಿಸಲಿಲ್ಲ. ಅದರಲ್ಲಿ ಬರೆದಿಡುವಂಥ ಭಾಷೆ ಇರಲಿಲ್ಲ.

ಏಳನೇ ನಿಲುವಂಗಿಯ ದಿನ ಪಾಸ್ಟರಿಗೆ ಜ್ವರ ಬಂದು ಪ್ರಾರ್ಥನೆ ಬೇಗ ಮುಗಿಯಿತು. ಒಡೆದ ಬೊಬ್ಬೆ ತೊಳೆಯಲು ಅವಳು ಹಿತ್ತಲಿಗೆ ಹೋಗಿದ್ದಳು. ಅತ್ತೆ ಬಾಗಿಲು ತೆಗೆದರೆ, ಮೇಜಿನ ಮೇಲೆ ಅಚ್ಚುಕಟ್ಟಾಗಿ ಕತ್ತರಿಸಿದ ಬಟ್ಟೆ, ಪಕ್ಕದಲ್ಲಿ ಅಪ್ಪನ ಬಲಗೈ, ಕೈ ಪಕ್ಕದಲ್ಲಿ ಕತ್ತರಿ. ಅವಳು ಒದ್ದೆ ಕೈಯಲ್ಲಿ ಓಡಿ ಬರುವ ಹೊತ್ತಿಗೆ ಅತ್ತೆ ಮೊಣಕಾಲೂರಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಗೊಳೋ ಎಂದು ಅಳುತ್ತಿದ್ದರು. “ಸ್ತೋತ್ರ ಕರ್ತನೇ, ಸ್ತೋತ್ರ! ನನ್ನ ತಮ್ಮನ ಕೈ ಕೊಟ್ಟೆ!” ಅತ್ತೆಯ ತಲೆಯ ಮೇಲಿಂದ ಅಪ್ಪ ಮಗಳನ್ನು ನೋಡಿದರು. ಆ ನೋಟಕ್ಕೆ ಎರಡು ಮೂರು ಅರ್ಥವಿತ್ತು. ಅವಳು ತನಗೆ ಸುಲಭವಾದದ್ದನ್ನೇ, ಈಗ ಹೇಳಬೇಡ ಅನ್ನುವುದನ್ನೇ, ಹೆಕ್ಕಿಕೊಂಡಳು.

ಮಧ್ಯಾಹ್ನದೊಳಗೆ ಸುದ್ದಿ ಬೇಕರಿ ಮುಟ್ಟಿತು, ಸಂಜೆಗೆ ಪಾಸ್ಟರ್ ಮನೆ. ಗಿರಾಕಿಗಳ ಎದುರಲ್ಲಿ ಅಪ್ಪ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ನಗುವುದನ್ನು ಕಲಿತರು. ಉಳಿದ ಬಟ್ಟೆಯನ್ನೂ ಅತ್ತೆ ಇಲ್ಲದ ಹೊತ್ತಿನಲ್ಲಿ ಮಗಳೇ ಕತ್ತರಿಸಿದಳು, ಊಟಕ್ಕೆ ಕೂತಾಗ ಎಡಗೈ ಚಮಚವೇ ರೂಢಿಯಾಗಿಬಿಟ್ಟಿದೆ ಎಂದು ಅಪ್ಪ ಅಕ್ಕನಿಗೆ ಹೇಳಿದರು. ಹಸಿರು ಚೆಂಡು ಗುಂಡಿಗಳ ಡ್ರಾಯರ್ ಸೇರಿತು. “ವಾಸಿಯಾದ ಕೈಗೆ ವ್ಯಾಯಾಮ ಯಾಕೆ? ದೇವರು ಕೊಟ್ಟಿದ್ದನ್ನ ಡಾಕ್ಟರ ಹತ್ರ ತಗೊಂಡ್ಹೋಗಿ ಅಸಲಿಯೋ ನಕಲಿಯೋ ಅಂತ ತೋರಿಸ್ಕೊಂಡು ಬಂದ ಹಾಗೆ!” ಎಂದರು ಅತ್ತೆ. ಆಸ್ಪತ್ರೆಯಿಂದ ಮೂರು ಸಲ ಫೋನ್ ಬಂತು. ಮೂರು ಸಲವೂ ಅತ್ತೆಯೇ ಎತ್ತಿಕೊಂಡು, ಆ ಹೆಂಗಸಿಗೂ ದೇವರು ಮಾಡಿದ ಅದ್ಭುತದ ಸಾಕ್ಷಿ ಹೇಳಿದರು.

ನಿನ್ನೆ ಅವಳು ತಡೆಯಲಾರದೆ ಅಪ್ಪನ ಎದುರು ಕೂತಿದ್ದಳು.

“ಅಪ್ಪ, ಹೇಳಿಬಿಡಿ ಅತ್ತೆಗೆ.”

“ಹೇಳ್ತೀನಿ.”

“ಯಾವಾಗ? ಮೂರು ವಾರ ಆಯ್ತು. ಇನ್ನಿರೋದು ಎರಡೇ ತಿಂಗಳು. ಆ ಆಸ್ಪತ್ರೆಯವಳು ಹೇಳಿದ್ದು ಮರೆತುಹೋಯ್ತಾ?”

“ನಾನು ಮರೀತೀನೇನೇ? ಕೈ ನಂದು.” ಅಪ್ಪ ಕಿಟಕಿಯ ಕಡೆ ತಿರುಗಿದರು. “ಅಕ್ಕ ಆವತ್ತು ಅತ್ತಿದ್ದು ನೋಡಿದೆಯಲ್ಲ. ನಿಮ್ಮಮ್ಮ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ… ಇನ್ನೊಂದು ಹೇಳ್ಲಾ? ನಗಬೇಡ. ವಾಸಿಯಾಗಿದೆ, ವಾಸಿಯಾಗಿದೆ ಅಂತ ಇಷ್ಟು ಜನ ಸ್ತೋತ್ರ ಹೇಳ್ತಿರೋವಾಗ, ಎಲ್ಲೋ ಒಂದು ಕಡೆ ನಿಜವಾಗ್ಲೂ ಆಗಿಬಿಡುತ್ತೇನೋ ಅಂತ. ನಾನು ಇಲ್ಲ ಅಂದ್ಬಿಟ್ರೆ ಬರೋದೂ ನಿಂತ್ಹೋಗುತ್ತೇನೋ ಅಂತ.”

ಅವಳಿಗೆ ನಗು ಬರಲಿಲ್ಲ. ಕೋಪ ಬಂತು, ಯಾರ ಮೇಲೆ ಎಂದು ತಿಳಿಯದ ಕೋಪ. ಎದ್ದು ಹೋಗಿ ಡೈರಿ ತೆಗೆದು, ಶುಕ್ರವಾರದ ಪ್ರಾರ್ಥನೆಯನ್ನು ‘ಕೃಪಾನಿಧಿಯೇ’ ಎಂದು ಶುರುಮಾಡಿದಳು.

ಐದೂವರೆಗೆ ಬೇಕರಿಯವರು ಮೊದಲು ಬಂದರು, ಟೀಚರಮ್ಮ ಆಮೇಲೆ, ಪಾಸ್ಟರ್ ಕೊನೆಗೆ. ಪಾಸ್ಟರ್ ಕೂರುವ ಮೊದಲೇ ಅತ್ತೆ ಭಾನುವಾರ ಸಭೆಯಲ್ಲಿ ಅಪ್ಪ ಸಾಕ್ಷಿ ಹೇಳುವ ಮಾತು ತೆಗೆದರು.

“ಪಾಸ್ಟ್ರೇ, ಸಾಕ್ಷಿ ಹೇಳೋದು ಇದ್ದೇ ಇದೆ. ನಾನಂತೀನಿ, ಇವನು ಎಲ್ಲರ ಮುಂದೆ ನಿಂತು ಒಂದು ತುಂಡು ಬಟ್ಟೆ ಕತ್ತರಿಸಿಯೇ ತೋರಿಸಲಿ.”

“ಅಯ್ಯೋ, ಕತ್ತರಿ ಗಿತ್ತರಿ ಯಾಕಮ್ಮ ಸಭೆಯೊಳಗೆ? ಕೈ ಎತ್ತಿ ತೋರಿಸಿದ್ರೆ ಸಾಕು.”

“ಕೈ ಎಲ್ಲರೂ ಎತ್ತುತ್ತಾರೆ ಪಾಸ್ಟ್ರೇ. ಓಟು ಹಾಕೋಕೂ ಎತ್ತುತ್ತಾರೆ.”

ಬೇಕರಿಯವರು ನಕ್ಕರು. ಅಪ್ಪನೂ ನಕ್ಕರು, ಕೈ ಜೇಬಿನಲ್ಲೇ ಇತ್ತು. “ಏನಣ್ಣ, ರೆಡಿನಾ?” ಎಂದು ಪಾಸ್ಟರ್ ಕೇಳಿದಾಗ ಅಪ್ಪ, “ನೋಡೋಣ, ನೋಡೋಣ” ಅಂದರು. ಅತ್ತೆ ತಮ್ಮನ ಭುಜಕ್ಕೆ ಮೆಲ್ಲಗೆ ಗುದ್ದಿ, “ನಾಚಿಕೆ ಇವನಿಗೆ. ಮಗಳೂ ಹಾಗೇ, ಅಪ್ಪನ ಅಚ್ಚು” ಎಂದರು.

ಹಾಡಾಯಿತು. ಸರದಿ ಬೇಕರಿಯವರಿಂದ ಶುರುವಾಯಿತು. ಅವರು ಹಾಡುಗಾರರಿಗಾಗಿ, ಪಾಸ್ಟರ ಆರೋಗ್ಯಕ್ಕಾಗಿ, ತಮ್ಮ ಹೊಸ ಒಲೆಗಾಗಿ, ಹಳೆಯ ಒಲೆಯನ್ನು ಕೊಂಡವರು ಬಂದು ಜಗಳ ತೆಗೆಯದಿರುವುದಕ್ಕಾಗಿ ಪ್ರಾರ್ಥಿಸಿದರು. ಟೀಚರಮ್ಮ ಚಿಕ್ಕದಾಗಿ ಮುಗಿಸಿದರು. ಆಮೇಲೆ ಅತ್ತೆ.

“ಕರ್ತನೇ, ಸತ್ತ ಕೈಗೆ ಜೀವ ಕೊಟ್ಟೆಯಲ್ಲಪ್ಪ. ಮೊದಲಿನ ಹಾಗೇ ಕತ್ತರಿ ಹಿಡೀತಿದಾನೆ. ಅನುಮಾನದ ಬುದ್ಧಿಯನ್ನ ಈ ಮನೆಯಿಂದ ತೆಗೆದುಹಾಕು. ಒಬ್ಬಳು ಆಸ್ಪತ್ರೆ, ಆಸ್ಪತ್ರೆ ಅಂತ ಮುಖ ಗಂಟು ಹಾಕ್ಕೊಂಡು ಓಡಾಡ್ತಾಳೆ, ಅವಳ ಕಣ್ಣು ತೆರೆಸು. ಆಮೆನ್.”

“ಆಮೆನ್” ಎಂದರು ಎಲ್ಲರೂ. ಅವಳು ತುಟಿಯನ್ನೂ ಆಡಿಸಲಿಲ್ಲ. ಈಗ ಅವಳ ಸರದಿ.

ಹಾಡಿನ ಪುಸ್ತಕ ಬಿಡಿಸಿದಳು. ಚೀಟಿ ಇತ್ತು. “ಕೃಪಾನಿಧಿಯೇ, ನಿನ್ನ ಅಪಾರ ಮಹಿಮೆಯ ಬೆಳಕಿನಲ್ಲಿ…” ಬೆಳಕಿನಲ್ಲಿ ಏನು? ತನ್ನದೇ ಅಕ್ಷರ, ಮುಂದಿನ ಸಾಲು ಕಣ್ಣೆದುರೇ ಇತ್ತು, ಬಾಯಿ ಮಾತ್ರ ಒಲ್ಲೆ ಅಂದಿತು. ತಲೆ ಎತ್ತಿದಳು. ಕನ್ನಡಿಯಲ್ಲಿ ಮುಚ್ಚಿದ ಕಣ್ಣುಗಳ ಸಾಲು. ಬೇಕರಿಯವರು ಆಗಲೇ ತುಸು ತೂಕಡಿಸುತ್ತಿದ್ದರು. ಟೀಚರಮ್ಮ ಮುಂದಿನ ಸುಂದರ ಮಾತಿಗಾಗಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಾಯುತ್ತಿದ್ದರು. ಅಪ್ಪನ ಕಣ್ಣು ಮಾತ್ರ ತೆರೆದಿತ್ತು. ಅವರು ನೋಡುತ್ತಿದ್ದುದು ತಮ್ಮ ತೊಡೆಯನ್ನು. ಎಲ್ಲರೂ ಕಣ್ಣು ಮುಚ್ಚಿದ್ದಾರೆಂದು ಜೇಬಿನಿಂದ ತೆಗೆದಿಟ್ಟ ಬಲಗೈಯನ್ನು. ಎಡಗೈಯಿಂದ ಅದರ ಬೆರಳನ್ನು ಮಡಚುವುದು, ಅದು ತಾನೇ ಬಿಚ್ಚಿ ಬೀಳುವುದನ್ನು ನೋಡುವುದು, ಮತ್ತೆ ಮಡಚುವುದು.

ಅವಳು ಪುಸ್ತಕ ಮುಚ್ಚಿದಳು. ಚೀಟಿ ಜಾರಿ ನೆಲಕ್ಕೆ ಬಿತ್ತು.

“ಕರ್ತನೇ,” ಅಂದಳು. ದನಿ ತನ್ನದಲ್ಲವೇನೋ ಅನ್ನುವಷ್ಟು ಒರಟಾಗಿತ್ತು. “ನಿಂಗೆ ಗೊತ್ತೇ ಇದೆ.”

ಅಂದ ಮೇಲೆ ಹೊಳೆಯಿತು, ಇದು ಥೇಟ್ ಅತ್ತೆಯ ಮಾತು. ಒಂದು ಕ್ಷಣ ತನ್ನ ಮೇಲೆಯೇ ಸಿಡುಕು ಬಂತು. ಆದರೆ ಇನ್ನು ನಿಲ್ಲಿಸಲು ಬರುವಂತಿರಲಿಲ್ಲ. ಯಾರೂ ಮಧ್ಯೆ ಬಾಯಿ ಹಾಕುವಂತೆಯೂ ಇರಲಿಲ್ಲ.

“ಚೆಂಡು ಗುಂಡಿ ಡ್ರಾಯರ್‌ನಲ್ಲಿದೆ. ಆಸ್ಪತ್ರೆಗೆ ಹೋಗಿ ಮೂರು ವಾರ ಆಯ್ತು. ನಂಗೆ ಸಾಕಾಗ್ಹೋಗಿದೆ ಕರ್ತನೇ. ಇವರೆಲ್ಲ ನಿಂಗೆ ಸ್ತೋತ್ರ ಹೇಳ್ತಾರೆ, ನೀನೂ ಸುಮ್ಮನೆ ಕೇಳಿಸ್ಕೋತೀಯ, ನಾನೂ ಸುಮ್ಮನೆ ಕೂತಿರ್ತೀನಿ.” ಜೋಡಿಸಿದ್ದ ಕೈಗಳೊಳಗೆ ಹೆಬ್ಬೆರಳ ಗಾಯ ಉರಿಯಿತು. “ಬಟ್ಟೆ ಕತ್ತರಿಸಿದ್ದು ನಾನು. ಅಪ್ಪನ ಕೈ ವಾಸಿಯಾಗಿಲ್ಲ.”

ಆಮೆನ್ ಅನ್ನಲಿಲ್ಲ. ಅನ್ನುವ ತನಕ ಯಾರೂ ಕಣ್ಣು ತೆರೆಯುವಂತಿಲ್ಲ. ಬೇಕರಿಯವರ ತೂಕಡಿಕೆ ಹಾರಿಹೋಗಿತ್ತು. ಪಾಸ್ಟರ್ ಕುರ್ಚಿಯ ಅಂಚಿಗೆ ಸರಿದಿದ್ದರು. ಕನ್ನಡಿಯಲ್ಲಿ ಅತ್ತೆ ಕಣ್ಣುಗಳನ್ನು ಇನ್ನೂ ಬಿಗಿಯಾಗಿ, ಹುಬ್ಬು ನಡುಗುವಷ್ಟು ಬಿಗಿಯಾಗಿ ಮುಚ್ಚಿಕೊಂಡರು. ಅವರ ಕೈ ಮಡಿಲಿನಿಂದ ಎದ್ದು, ಪಕ್ಕದ ಕುರ್ಚಿಯ ಕಡೆಗೆ ತಡಕಾಡುತ್ತಾ ಹೋಯಿತು. ಅಲ್ಲಿ ತಮ್ಮನ ಬಲಗೈ ಸಿಕ್ಕಿತು. ಅತ್ತೆ ಅದರ ಬೆರಳುಗಳನ್ನು ಒಂದೊಂದಾಗಿ ಒತ್ತತೊಡಗಿದರು.