ಹಸಿರು ವೈರು

ವಿಮಲಾಬಾಯಿ ಅಡುಗೆಮನೆಯ ಸ್ವಿಚ್ಚನ್ನು ಲಟ್ಟಣಿಗೆಯ ತುದಿಯಿಂದ ಒತ್ತಿದ್ದನ್ನು ಕಂಡು ಯಶೋಧರಾ ಬಾಗಿಲಲ್ಲೇ ನಿಂತಳು. ಪಡಸಾಲೆಯ ಫ್ಯಾನು ಕೆಟ್ಟಿದೆಯೆಂದು ಫೋನು ಬಂದಿದ್ದಕ್ಕೆ ಕಲಬುರಗಿಯಿಂದ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಬಂದಿದ್ದಳು.

“ಕೈಯಿಂದ ಯಾಕ ಹಾಕಲ್ರಿ, ಅವ್ವಾರ?”

“ಏನಿಲ್ಲವ್ವ. ನನ್ನ ಕೈ ಯಾವಾಗ್ಲೂ ಹಸೀನೇ ಇರ್ತಾವ. ಆ ಸ್ವಿಚ್ಚಿನ ಸುತ್ತಿನ ಸ್ಟೀಲಿನ ತಗಡು ಮುಟ್ಟಿದ್ರ ಜುಂ ಅಂತದ. ತಪ್ಪು ನಂದೇ.”

ಆಕೆಯ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಯಶೋಧರಾಳ ಕಣ್ಣು ಅಲ್ಲಿಗೆ ಹೋದದ್ದು ಕಂಡು ವಿಮಲಾಬಾಯಿ ಪಡಸಾಲೆಯತ್ತ ನೋಡಿ ದನಿ ತಗ್ಗಿಸಿದಳು. “ಹೋದ ವಾರ ಜೋರ ಹೊಡೀತು, ಹಿಂದಕ್ಕ ಬಿದ್ದೆ. ಮಾಸ್ತರಿಗಿ ಕಾಲು ಜಾರ್ತು ಅಂತ ಹೇಳೀನಿ. ನೀ ಏನೂ ಅನಬ್ಯಾಡ. ಗೊತ್ತಾದ್ರ ನಿನ್ನ ಹೆಸರು ಎತ್ತಿ ಆಡ್ತಾರ.”

ಎಂಟು ತಿಂಗಳ ಹಿಂದೆ ಈ ಮನೆ ಕಟ್ಟುವಾಗ, ಹೆಣ್ಣುಮಗಳಿಗೆ ವೈರಿಂಗ್ ಕೊಡುವುದೇ ಎಂದು ಆಕೆಯ ಗಂಡ, ನಿವೃತ್ತ ಮಾಸ್ತರ ಗುರುಲಿಂಗಪ್ಪ ಹುಬ್ಬೇರಿಸಿದ್ದರು. ಐಟಿಐ ಕಲಿತವಳು, ಆಕಿನೇ ಮಾಡಲಿ ಎಂದು ಹಟ ಹಿಡಿದವಳು ವಿಮಲಾಬಾಯಿ. ಗೃಹಪ್ರವೇಶದ ದಿನ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರೂ ಯಶೋಧರಾಳನ್ನು ತಮ್ಮ ಸಾಲಿನಲ್ಲೇ ಕೂಡಿಸಿ ಹೋಳಿಗೆ ಬಡಿಸಿದ್ದಳು.

ಯಶೋಧರಾ ಮೇನ್ ಸ್ವಿಚ್ಚು ಇಳಿಸಿ ತಗಡಿನ ಸ್ಕ್ರೂ ಬಿಚ್ಚಿದಳು. ಒಳಗೆ ಡಬ್ಬಿಯ ಅಂಚಿಗೆ ತಿಕ್ಕಿ ಕೆಂಪು ವೈರಿನ ಸಿಪ್ಪೆ ಹರಿದಿತ್ತು. ಮೂಲೆಯಲ್ಲಿ ಹಸಿರು ವೈರು ಮಡಚಿಕೊಂಡು ಕೂತಿತ್ತು. ಅದರ ತುದಿಗೆ ಸುತ್ತಿದ ಹಳದಿ ಟೇಪು ತನ್ನದೇ ಚೀಲದ್ದು. ಗೃಹಪ್ರವೇಶದ ಹಿಂದಿನ ದಿನ, ತಗಡಿಗೆ ಹರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಈ ಅರ್ಥಿಂಗ್ ವೈರು ಒಂದು ಗೇಣು ಕಡಿಮೆ ಬಿದ್ದಿತ್ತು. ಪೈಪಿನಿಂದ ಮತ್ತೆ ಎಳೆಯಬೇಕಿತ್ತು. ಯಾರು ನೋಡುತ್ತಾರೆ ಎಂದು ಟೇಪು ಸುತ್ತಿ ಮುಚ್ಚಿದ್ದಳು. ಮೇಲಿನ ಮುಚ್ಚಳ ಪ್ಲಾಸ್ಟಿಕ್ಕಿನದಾಗಿದ್ದರೆ ಒಂದು ಮಾತು, ಇದು ಸ್ಟೀಲು. ಹಸಿರು ವೈರು ಕೂಡಿಸಿದ್ದರೆ ಕರೆಂಟು ಕಡಿಯುವ ಎಂಸಿಬಿ ಬೀಳುತ್ತಿತ್ತು, ವಿಮಲಾಬಾಯಿ ಬೀಳುತ್ತಿರಲಿಲ್ಲ.

ಈಗ ಕೂಡಿಸಿ ಎರಡು ಸ್ಕ್ರೂ ಬಿಗಿದರೆ ಯಾರಿಗೂ ತಿಳಿಯದು. ಬೆನ್ನ ಹಿಂದೆ ವಿಮಲಾಬಾಯಿ ಎಡಗೈಯಲ್ಲಿ ಚಹಾ ಸೋಸುತ್ತಿದ್ದಳು. ಅರ್ಧ ಕಟ್ಟೆಯ ಮೇಲೆ ಚೆಲ್ಲುತ್ತಿತ್ತು.

ಹರಿದ ವೈರು ಬದಲಿಸಿ, ಅರ್ಥಿಂಗ್ ಎಳೆದು, ಮನೆಯ ಏಳೂ ಡಬ್ಬಿ ಬಿಚ್ಚಿ ನೋಡುವಷ್ಟರಲ್ಲಿ ಮಧ್ಯಾಹ್ನ ತಿರುಗಿತು. ಫ್ಯಾನೂ ತಿರುಗಿತು. ಕೈ ತೊಳೆದು ಪಡಸಾಲೆಗೆ ಹೋದಳು.

“ಸರ, ಅವ್ವಾರಿಗಿ ಕಾಲು ಜಾರಿಲ್ರಿ. ಕರೆಂಟ್ ಹೊಡದದ. ಅಡಗಿ ಮನಿ ಡಬ್ಬಿಗಿ ಅರ್ಥಿಂಗ್ ಕೂಡಿಸಿದ್ದಿಲ್ಲ ನಾನು.”

ಗುರುಲಿಂಗಪ್ಪ ಪೇಪರು ಮಡಚಿದರು. “ಮರ್ತಿದ್ಯಾ?”

ಹೌದು ಎನ್ನಬಹುದಿತ್ತು.

“ಇಲ್ರಿ. ಗೊತ್ತಿದ್ದೇ ಬಿಟ್ಟಿದ್ದೆ.”

ಅವರು ಬೈಯಲಿಲ್ಲ. ಬೈದಿದ್ದರೆ ತಲೆ ಎತ್ತಲು ಆಗುತ್ತಿತ್ತೇನೋ. ಹೆಂಡತಿಯತ್ತ ತಿರುಗಿ, “ನೀ ಯಾಕ ಮುಚ್ಚಿಟ್ಟಿ?” ಎಂದರು.

ವಿಮಲಾಬಾಯಿ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. “ಆಕಿ ಮ್ಯಾಲ ನನಗ ಭರೋಸ ಇತ್ತು,” ಎಂದಳು.

ಕೂಲಿ ಬೇಡವೆಂದು ಯಶೋಧರಾ ಚೀಲ ಎತ್ತಿಕೊಂಡಳು. ಬಾ ಎಂದಾಗಲೀ ಬರಬೇಡ ಎಂದಾಗಲೀ ಯಾರೂ ಹೇಳಲಿಲ್ಲ.

ಕಲಬುರಗಿಯ ಟಿಕೀಟು ತೆಗೆದಿದ್ದರೂ ಬಸ್ಸು ಮಹಾಗಾಂವದಲ್ಲಿ ನಿಂತಾಗ ಇಳಿದುಬಿಟ್ಟಳು. ಗೃಹಪ್ರವೇಶದ ಅದೇ ವಾರ ಇಲ್ಲಿ ಸುನಂದಾ ಎಂಬಾಕೆಯ ಮನೆಗೂ ಅಂಥದೇ ಸ್ಟೀಲಿನ ತಗಡು ಕೂಡಿಸಿದ್ದಳು. ಆ ಡಬ್ಬಿಗಳ ಒಳಗೂ ಹಸಿರು ವೈರು ಹೇಗೆ ಕೂತಿದೆಯೆಂದು ಅವಳಿಗೆ ತೆಗೆದು ನೋಡದೆಯೂ ಗೊತ್ತಿತ್ತು.

ಬಟ್ಟೆ ಒಗೆಯುತ್ತಿದ್ದ ಸುನಂದಾ ಹಸಿ ಕೈಯಲ್ಲೇ ಬಂದು ಬಾಗಿಲು ತೆಗೆದಳು. ಮುಖ ಅರಳಿತು.

“ಅಯ್ಯ, ಯಶೋಧರಾ! ಹೇಳದೇನೇ ಬಂದೀದಿ? ಬಾ ಒಳಗ, ಕತ್ತಲಿ ಅದ, ಲೈಟ್ ಹಾಕ್ತೀನಿ,” ಎನ್ನುತ್ತ ಗೋಡೆಯತ್ತ ಕೈ ಚಾಚಿದಳು.

“ತಡೀರಿ,” ಎಂದಳು ಯಶೋಧರಾ.

ಸುನಂದಾಳ ಕೈ ತಗಡಿನ ಹತ್ತಿರ ಹಾಗೇ ನಿಂತಿತು. ಬೆರಳ ತುದಿಯಿಂದ ಸೋಪಿನ ನೀರು ಒಂದೊಂದೇ ಹನಿ ನೆಲಕ್ಕೆ ಬೀಳುತ್ತಿತ್ತು.